ದುರ್ಬೀನಿಗೆ ಇಟ್ಟ ಬೊಟ್ಟು

ಇಂಗ್ಲೆಂಡಿನ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಆಗ ನನ್ನ ಕೆಲಸವೆಂದರೆ ಕೂದಲೆಳೆಗಿಂತ ಸಣ್ಣ ಸಂದುಗಳ ಬಗ್ಗೆ ದಿನವಿಡೀ ಜಗಳವಾಡುವುದು. ಯಾರಾದರೂ ಹೊಗಳಿ ಅಟ್ಟಕ್ಕೇರಿಸಿದರೆ ಇಳಿಯಲು ಬಾರದ ಜಾತಿ ನನ್ನದು. ಹಾಗಾಗಿ ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ, "ನೀನು ಎಂಜಿನಿಯರ್ ಅಲ್ವಾ? ಒಂದು ಸಣ್ಣ ಕೆಲಸ ಇತ್ತು" ಎಂದಾಗ ಕೆಲಸ ಏನೆಂದು ಕೇಳುವ ಮೊದಲೇ ಒಪ್ಪಿಕೊಂಡಿದ್ದೆ.

ಅವರು ಊರಾಚೆಯ ಗುರಿ ಹೊಡೆಯುವವರ ಕ್ಲಬ್ಬಿನ ಹಳೇ ಸದಸ್ಯರು. ಲೈಸೆನ್ಸಿನ ಮೇಲೆ ಒಂದು ಪುರಾತನ ಮಿಲಿಟರಿ ರೈಫಲನ್ನು ಉಕ್ಕಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದರು. ಈಗ ಬಲಗಣ್ಣು ಕೈಕೊಡುತ್ತಿತ್ತು. ನಾಟಿಂಗ್‌ಹ್ಯಾಮಿನ ಆಸ್ಪತ್ರೆಗೆ ಹೋಗಿ ಆ ಕಣ್ಣಿಗೇ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದರು. ರೈಫಲ್ಲಿನ ಮೇಲೆ ಸ್ಕೋಪ್, ಅಂದರೆ ಪುಟ್ಟ ದುರ್ಬೀನು, ಕೂರಿಸಿದರೆ ಗುರಿ ಕಂಡೀತು ಎಂಬುದು ಅವರ ಕೊನೆಯ ಆಸೆ. ಅದರಲ್ಲೂ ಕಾಣದಿದ್ದರೆ ರೈಫಲನ್ನು ಪೊಲೀಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೆಂದು ತೀರ್ಮಾನಿಸಿದ್ದರು. ನನಗೆ ಹಾಕಿದ ಷರತ್ತು ಒಂದೇ: ರೈಫಲ್ಲಿಗೆ ಒಂದೂ ತೂತು ಕೊರೆಯಕೂಡದು. ಸ್ಕೋಪನ್ನು ಹೊರುವ ಕ್ಲಾಂಪು ರೈಫಲ್ಲಿನ ಪಕ್ಕಕ್ಕೆ ಕಚ್ಚಿಕೊಂಡು ಕೂರಬೇಕು, ಬೇಡವೆಂದಾಗ ಎರಡು ಲಿವರ್ ತಿರುಗಿಸಿದರೆ ಕಳಚಿಕೊಂಡು ಬರಬೇಕು. ಅಂಥದ್ದೊಂದು ಮೌಂಟನ್ನು ಅವರೇ ತರಿಸಿಟ್ಟಿದ್ದರು.

ಅದು ಕೂರಲಿಲ್ಲ. ನಾಲ್ಕು ಭಾನುವಾರ ಅವರ ಶೆಡ್ಡಿನಲ್ಲಿ ಅವರು ರೈಫಲ್ ಹಿಡಿದು ನಿಲ್ಲುವುದು, ನಾನು ಅರ ಹಿಡಿದು ಮೌಂಟನ್ನು ಉಜ್ಜುವುದು. ಜೆಟ್ ಎಂಜಿನ್ ಮಾಡುವವನಿಗೆ ಒಂದು ಕ್ಲಾಂಪ್ ಬಗ್ಗಲಿಲ್ಲವೆಂದರೆ ಮಾನ ಉಳಿಯುತ್ತದೆಯೇ?

ಆ ಹೊತ್ತಿಗೆ ಮೈಸೂರಿನಿಂದ ಮಾವ ಬಂದಿಳಿದರು. ನನ್ನ ಹೆಂಡತಿಯ ತಂದೆ, ಪೊಲೀಸ್ ಇಲಾಖೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಸರ್ವಿಸ್ ಪೂರ್ತಿ ಹೆಗಲ ಮೇಲೆ ಹೊತ್ತದ್ದು ಇಂಥದ್ದೇ ರೈಫಲ್. ಮಂಕಿ ಕ್ಯಾಪ್ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದವರು ಅದನ್ನು ಕಂಡು ಸೆಟೆದು ನಿಂತುಬಿಟ್ಟರು. "ಅಯ್ಯೋ, ನಮ್ಮ ತ್ರೀ-ನಾಟ್-ತ್ರೀ!"

"ಏಯ್ ಅಪ್, ಮಿ ಡಕ್" ಎಂದು ಮುದುಕರು ಆ ಊರಿನ ರೂಢಿಯಂತೆ ಸ್ವಾಗತಿಸಿದರು.

"ನನ್ನನ್ನ ಯಾಕೆ ಬಾತುಕೋಳಿ ಅಂತಾರೆ, ಅಳಿಯಂದ್ರೇ?"

ಪ್ರೀತಿಯ ಮಾತು ಎಂದು ತಿಳಿಸಿದೆ. ಅಂದಿನಿಂದ ಪಕ್ಕದ ಮನೆಯವರು ನಮ್ಮ ಮನೆಯಲ್ಲಿ ಡಕ್ ಸಾಹೇಬರಾದರು. ಮಾವ ನನ್ನ ನಾಲ್ಕು ಭಾನುವಾರಗಳ ಕೆಲಸವನ್ನು ಒಮ್ಮೆ ನೋಡಿ, "ಮೇಲೆ ಈ ಕೊಳವೆ ಕೂರಿಸಿದ್ರೆ ಗುಂಡಿನ ಕ್ಲಿಪ್ ಎಲ್ಲಿಂದ ತುರುಕ್ತಾರೆ? ನಿಮ್ಮ ತಲೆ ಮೇಲಿಂದಾನಾ?" ಎಂದರು. ನಿಜವೇ. ಸ್ಕೋಪ್ ಇದ್ದರೆ ಒಂದೊಂದೇ ಗುಂಡು ಹಾಕಬೇಕಿತ್ತು. ನನಗೆ ಅದು ಹೊಳೆದೇ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಸಡಿಲವಾಗಿದ್ದ ಒಂದು ಲಿವರನ್ನು ಸರಿಪಡಿಸಲು ಮೌಂಟನ್ನೂ ಸ್ಕೋಪನ್ನೂ ಮನೆಗೆ ತಂದೆ. ಸರಿಪಡಿಸಿ, ಭಾನುವಾರದ ಗೆಸ್ಟ್ ಡೇಗೆ ಇರಲಿ ಎಂದು ಮೇಜಿನ ಮೇಲೆ ಇಟ್ಟೆ. ಅಂದು ಸದಸ್ಯರಲ್ಲದವರೂ ಕ್ಲಬ್ಬಿಗೆ ಹೋಗಿ ಗುಂಡು ಹಾರಿಸಬಹುದಿತ್ತು. ನಡುವೆ ಆಯುಧ ಪೂಜೆ ಬಂತು. ನಾನು ಕಾರ್ಖಾನೆಯಲ್ಲಿದ್ದೆ. ಸಂಜೆ ಬಂದರೆ ಕಾರಿನ ಚಕ್ರದಡಿ ನಿಂಬೆಹಣ್ಣು, ವಾಷಿಂಗ್ ಮೆಷಿನ್ನಿಗೆ ವಿಭೂತಿ, ಲಾನ್ ಮೂವರ್ ಮೇಲೆ ಚೆಂಡುಹೂವು. ಸ್ಕೋಪಿನ ಎರಡೂ ತುದಿಗೆ ರಬ್ಬರ್ ಮುಚ್ಚಳ ಭದ್ರವಾಗಿತ್ತು. ನೋಡಿ ನೆಮ್ಮದಿಯಾಯಿತು.

ಭಾನುವಾರ ಮಾವನವರೂ ಜೊತೆಗೆ ಬಂದರು. ಕ್ಲಬ್ಬಿನ ಬಯಲಿನಲ್ಲಿ ನಾನು ಮೌಂಟನ್ನು ಕೂರಿಸಿ ಲಿವರ್ ಬಿಗಿದೆ. ಬಂಡೆಯಂತೆ ಕೂತಿತು. ಡಕ್ ಸಾಹೇಬರು ಚಾಪೆಯ ಮೇಲೆ ಮಲಗಿ, ಮುಚ್ಚಳ ತೆಗೆದು, ಕಣ್ಣಿಟ್ಟರು. ಆಮೇಲೆ ರೈಫಲನ್ನು ಮೆಲ್ಲಗೆ ಕೆಳಗಿಟ್ಟರು.

"ಎಲ್ಲ ಕೆಂಪಾಗಿದೆ. ಕಣ್ಣೊಳಗೆ ರಕ್ತ ಇಳಿದಿರಬೇಕು. ಹಾಗಾದರೆ ತಕ್ಷಣ ಬಾ ಅಂದಿದ್ದರು ಡಾಕ್ಟರು."

ಕಾರಿನ ಕೀಲಿಗೆ ಜೇಬು ತಡಕುತ್ತ, ಯಾಕೋ ಒಮ್ಮೆ ನಾನೂ ಸ್ಕೋಪಿನೊಳಗೆ ಇಣುಕಿದೆ. ನನಗೂ ಲೋಕವೆಲ್ಲ ಕೆಂಪು. ತಿರುಗಿಸಿ ನೋಡಿದರೆ ಮುಂದಿನ ಗಾಜಿನ ತುಂಬ ಕುಂಕುಮ.

"ಮಾವಾ! ಗಾಜಿಗೆ ಯಾಕೆ ಬೊಟ್ಟಿಟ್ರಿ?"

"ಮತ್ತೆಲ್ಲಿಡ್ಲಿ? ಅದರ ಹಣೆ ಅದೇ ಅಲ್ವಾ? ಅಳಿಸಿಹೋಗ್ಬಾರ್ದು ಅಂತ ನಾನೇ ಮುಚ್ಚಳ ಹಾಕಿದ್ದು."

ಆ ಮುಚ್ಚಳವೇ ಬೊಟ್ಟನ್ನು ಗಾಜಿನ ತುಂಬ ಬಳಿದಿತ್ತು. ವಿಷಯ ತಿಳಿದ ಡಕ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಂಗಿಯ ತುದಿಯಿಂದ ಗಾಜನ್ನು ಒರೆಸಿದೆ. ಅವರು ಮತ್ತೆ ಮಲಗಿ ನೋಡಿದರು.

"ನಡುವೆ ಒಂಚೂರು ಬಿಟ್ಟಿದ್ದೀಯ, ಡಕ್. ಬೂದು ಬಣ್ಣದ್ದು."

ನಾನು ನೋಡಿದೆ. ಗಾಜು ಶುಭ್ರವಾಗಿತ್ತು. ಆದರೂ ಮತ್ತೆ ಒರೆಸಿದೆ. ಹೇಳುವ ಧೈರ್ಯ ನನಗಿರಲಿಲ್ಲ. ಅವರು ಮೂರನೇ ಸಲ ಕಣ್ಣಿಟ್ಟು, ಆ ಕಲೆ ಗಾಜಿನ ಮೇಲಿಲ್ಲ ಎಂಬುದನ್ನು ತಾವೇ ಅರ್ಥಮಾಡಿಕೊಂಡರು.

"ಸರಿ ಹಾಗಾದರೆ. ನಾಳೆ ಪೊಲೀಸರಿಗೆ ಒಪ್ಪಿಸಿಬಿಡ್ತೀನಿ."

ಏನಂತೆ ಎಂದು ಮಾವ ಕೇಳಿದರು. "ರೈಫಲ್ ಪೊಲೀಸರಿಗೆ ಒಪ್ಪಿಸ್ತಾರಂತೆ, ಮಾವ" ಎಂದೆ.

ಮಾವ ಮಂಕಿ ಕ್ಯಾಪ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದು, ಅತಿ ಗಂಭೀರವಾಗಿ ಎರಡೂ ಕೈ ಚಾಚಿದರು.

ಸಾಹೇಬರಿಗೆ ಅವರ ಹಳೇ ಪೊಲೀಸ್ ಕೆಲಸ ಗೊತ್ತಿತ್ತು. ಆ ಕೈಗಳನ್ನು ನೋಡಿದರು. ಆಮೇಲೆ ಲಿವರ್ ಎರಡನ್ನೂ ತಿರುಗಿಸಿ, ನನ್ನ ಐದು ವಾರದ ಬೆವರನ್ನು ಐದು ಸೆಕೆಂಡಿನಲ್ಲಿ ಕಳಚಿ ನನ್ನ ಕೈಗಿತ್ತರು. ತೂತಿಲ್ಲ, ಗೀರಿಲ್ಲ, ರೈಫಲ್ ಮೊದಲಿನಂತೆಯೇ ಇತ್ತು. ಅದನ್ನು ಮಾವನ ಚಾಚಿದ ಕೈಗಳ ಮೇಲಿಟ್ಟರು. ಕ್ಲಬ್ಬಿನ ಮೇಲ್ವಿಚಾರಕರು ತಲೆಯಾಡಿಸಿದ ಮೇಲೆ ಮಾವ ಚಾಪೆಯ ಮೇಲೆ ಮಲಗಿದರು.

"ಎಷ್ಟು ರೌಂಡ್ ಅಂತ ಕೇಳಿ."

"ಎಷ್ಟು ಬೇಕಾದರೂ ಹಾರಿಸಲಿ" ಎಂದರು ಸಾಹೇಬರು.

ಇಲಾಖೆಯಲ್ಲಿ ವರ್ಷಕ್ಕೆ ಐದೇ ಗುಂಡು ಸಿಗುತ್ತಿದ್ದದ್ದು. ಮಾವ ಐದೇ ಹಾರಿಸಿದರು. ನಾಲ್ಕು ಗುರಿಯ ಕಾಗದಕ್ಕೆ ತಗುಲಿದವು, ಒಂದು ಇಂಗ್ಲೆಂಡಿಗೆ.

ಎದ್ದು ನಿಲ್ಲುತ್ತಾರೆಂದುಕೊಂಡರೆ ಮೊಣಕಾಲೂರಿ ಹುಲ್ಲಿನಲ್ಲಿ ಹುಡುಕತೊಡಗಿದರು. ಸಿಡಿದ ತೋಟಾಗಳ ಖಾಲಿ ಕವಚಗಳು! ಇಲಾಖೆಯಲ್ಲಿ ಒಂದು ಕಳೆದರೂ ಮೆಮೋ ಬರುತ್ತಿತ್ತಂತೆ. ನಾಲ್ಕು ಸಿಕ್ಕವು. ಬೇಡ ಬಿಡಿ, ಇಲ್ಲಿ ಯಾರೂ ಕೇಳುವುದಿಲ್ಲ ಎಂದು ನಾನು ಗದರಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನು ಕೇಳಿ ವಿಷಯ ತಿಳಿದ ಡಕ್ ಸಾಹೇಬರೂ ಪಕ್ಕದಲ್ಲಿ ಮೊಣಕಾಲೂರಿದರು. ಎಲ್ಲೋ ದೂರ ನೋಡುತ್ತ, ಹುಲ್ಲನ್ನು ಅಂಗೈಯಿಂದ ಸವರುತ್ತ ಹೋದರು. ಐದನೆಯದು ಅವರ ಕೈಗೇ ಸಿಕ್ಕಿತು.

ಮಾವ ನೆಟ್ಟಗೆ ನಿಂತು ಐದನ್ನೂ ಅಂಗೈಯಲ್ಲಿ ಚಾಚಿದರು. "ಫೈವ್ ಫೈರ್, ಫೈವ್ ಎಂಪ್ಟಿ, ಸರ್."

ಸಾಹೇಬರು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದರು. "ಐದು. ಸರಿಯಾಗಿದೆ, ಡಕ್."

ಆಮೇಲೆಯೇ ಮಾವ ಮೊಣಕಾಲಿನ ಮಣ್ಣು ಕೊಡವಿಕೊಂಡರು.