ಕ್ಷೌರಿಕನ ಮೂರನೆಯ ಇಂಜೆಕ್ಷನ್

ಮೂವತ್ತೊಂದು ವರ್ಷ ಬಲಗೈ ಎತ್ತಿಯೇ ಬದುಕಿದವನು ಈ ಕಟಿಂಗ್ ಶಾಪಿನವನು. ಕೈ ಹಗುರ, ಬಾಯಿ ಮಾತ್ರ ಜೋರು. ಕೂದಲಿಗೆ ಬಣ್ಣ ಹಾಕಿಸಲು ಬಂದವರನ್ನು ಪೊಲೀಸಿನವನ ಹಾಗೆ ವಿಚಾರಿಸುತ್ತಿದ್ದ: "ಮುಂಚೆ ಏನ್ ಹಚ್ಚಿದ್ರಿ? ನಿಜ ಹೇಳಿ." "ಏನೂ ಇಲ್ಲಪ್ಪ" ಎಂದವರ ಕೂದಲು ಆಮೇಲೆ ಬಾಚಣಿಗೆಗೆ ಕಿತ್ತು ಬಂದರೆ ಮುಗಿಯಿತು, ಸೂರು ಹಾರಿಹೋಗುವಂತೆ ಬೈಯುತ್ತಿದ್ದ. ಆಗ ಅವರು ಮೆಲ್ಲಗೆ ಬಾಯಿಬಿಡುತ್ತಿದ್ದರು: "ಒಂದೇ ಒಂದ್ಸಲ. ಅದೂ ಸ್ವಲ್ಪಾನೇ."

ಹೋದ ವರ್ಷ ಭುಜ ತಕರಾರು ತೆಗೆಯಿತು. ಕೈ ಕಿವಿಯೆತ್ತರಕ್ಕೆ ಹೋದರೆ ಜೀವ ಹೋದಂತಾಗುತ್ತಿತ್ತು. ಯಾರಿಗೂ ಹೇಳದೆ ಗಿರಾಕಿ ಕೂರುವ ಕುರ್ಚಿಯನ್ನೇ ಕೆಳಗಿಳಿಸಿದ. ಕನ್ನಡಿಯಲ್ಲಿ ಅವರಿಗೆ ಹಣೆ ಮಾತ್ರ ಕಾಣತೊಡಗಿತು. "ಏನಪ್ಪಾ, ನನ್ನ ಮೂಗೆಲ್ಲಿ ಹೋಯ್ತು?" ಎಂದು ಅವರು ನಕ್ಕರೆ ಹಲ್ಲು ಕಚ್ಚಿಕೊಂಡು ತಾನೂ ನಗುತ್ತಿದ್ದ.

ಡಾಕ್ಟರಮ್ಮ ಭುಜಕ್ಕೆ ಇಂಜೆಕ್ಷನ್ ಕೊಟ್ಟರು. ನಾಲ್ಕೇ ದಿನಕ್ಕೆ ನೋವು ಮಾಯ, ಕುರ್ಚಿ ಮೇಲೇರಿತು. ಮೂರು ತಿಂಗಳಿಗೆ ನೋವು ಮರಳಿತು, ಇನ್ನೊಂದು ಹಾಕಿಸಿಕೊಂಡ. ಮೂರನೆಯದಕ್ಕೆ ಆಕೆ ಸುತರಾಂ ಒಪ್ಪಲಿಲ್ಲ.

"ಇದು ನೋವನ್ನ ಮರೆಸುತ್ತೆ ಅಷ್ಟೆ. ಸ್ನಾಯುನ ಮೂಳೆಗೆ ಕಟ್ಟಿರೋ ಹುರಿ ಆಗ್ಲೇ ಸವೆದಿದೆ. ಮತ್ತೆ ಮತ್ತೆ ಹಾಕಿದ್ರೆ ಕಿತ್ತೇ ಹೋಗ್ಬಹುದು. ಎರಡು ತಿಂಗಳು ಕೈ ಮೇಲೆತ್ಬೇಡಿ, ಹೇಳಿಕೊಟ್ಟ ವ್ಯಾಯಾಮ ಮಾಡಿ."

ಎರಡು ತಿಂಗಳು! ಕೈ ಕಟ್ಟಿಕೊಂಡು ಕೂರುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ, ಹೆದರಿಕೆಯಾಯಿತು. "ಅವ್ರ ಮಾತು ಕೇಳ್ರೀ" ಎಂದು ಹೆಂಡತಿ ಗೋಗರೆದಳು. ಅವಳ ಕಣ್ಣು ತಪ್ಪಿಸಿ ಊರಿನ ಇನ್ನೊಂದು ತುದಿಯ ಕ್ಲಿನಿಕ್ಕಿಗೆ ಹೋದ. ಅಲ್ಲಿನ ಡಾಕ್ಟರು ಸಿರಿಂಜು ಹಿಡಿದು ಕೇಳಿದರು: "ಇದಕ್ ಮುಂಚೆ ಹಾಕಿಸ್ಕೊಂಡಿದ್ರಾ?"

"ಏನೂ ಇಲ್ಲ ಸಾರ್."

ಮೂರು ವಾರ ಕೈ ಹೂವೆತ್ತಿದಷ್ಟು ಹಗುರವಾಗಿ ಎದ್ದಿತು. ಒಂದು ಬೆಳಿಗ್ಗೆ ಗಿರಾಕಿಯ ನೆತ್ತಿಯ ಮೇಲೆ ಕತ್ತರಿ ಆಡಿಸುತ್ತಿದ್ದಾಗ ಭುಜದೊಳಗೆ ಏನೋ ಪಟ್ಟೆಂದಿತು. ಕತ್ತರಿ ಗಿರಾಕಿಯ ಮಡಿಲಿಗೆ ಬಿತ್ತು. ಜೋತುಬಿದ್ದ ಕೈ ಎಷ್ಟು ಒದ್ದಾಡಿದರೂ ಮೇಲೇಳಲಿಲ್ಲ.

ಡಾಕ್ಟರಮ್ಮ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು.

"ಪೂರ್ತಿ ಹರಿದಿದೆ. ಆಪರೇಷನ್ ಮಾಡ್ಬಹುದು. ಆದ್ರೆ ಹೊಲಿಗೆ ಹಿಡಿಯುತ್ತೋ ಇಲ್ವೋ, ಹೇಳೋಕಾಗಲ್ಲ. ಬೇರೆ ಕಡೆ ಹಾಕಿಸ್ಕೊಂಡ್ರಾ? ನಿಜ ಹೇಳಿ."

ಹೆಂಡತಿ ಅವನ ಮುಖ ನೋಡಿದಳು. ಅವನ ಕಣ್ಣು ತುಂಬಿತು.

"ಒಂದೇ ಒಂದ್ಸಲ," ಎಂದ. "ಅದೂ ಸ್ವಲ್ಪಾನೇ."

ಯಾರಾದರೂ ಬೈಯಲಿ ಎಂದು ಕಾದ. ಯಾರೂ ಬೈಯಲಿಲ್ಲ. ಹೆಂಡತಿ ಎದ್ದು ಬಂದು ಅವನ ಬಲಗೈಯನ್ನು ಮೆಲ್ಲಗೆ ಎತ್ತಿ, ಪರೀಕ್ಷೆಗೆಂದು ಬಿಚ್ಚಿದ್ದ ಅಂಗಿಯ ತೋಳಿಗೆ ತೂರಿಸಿದಳು.