ಸ್ಟಾಪ್‌ವಾಚ್ ಪ್ರೊಫೆಸರು

ಸಂಗೀತ ಶಿಕ್ಷಣ ವಿಭಾಗದ ಸ್ಟಾಪ್‌ವಾಚ್ ಪ್ರೊಫೆಸರು ಎಂದರೆ ಜವಾನನಿಂದ ಕುಲಪತಿಯವರೆಗೆ ಎಲ್ಲರಿಗೂ ಗೊತ್ತು. ಮಗು ಅಪಸ್ವರ ಹಾಡಿದಾಗ ತಿದ್ದುವ ಮೊದಲು ಮೇಷ್ಟ್ರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದೇ ಅವರ ಸಂಶೋಧನೆ. ಕಾದಷ್ಟೂ ಮಗು ತಾನಾಗಿಯೇ ಸರಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಈ ದಿಗ್ವಿಜಯಕ್ಕಾಗಿ ಸ್ಟಾಪ್‌ವಾಚನ್ನು ಪದಕದಂತೆ ಕೊರಳಿಗೆ ತೂಗುಹಾಕಿಕೊಂಡು, ಶಾಲೆಶಾಲೆಗಳ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುತ್ತಾರೆ. ಯಾವುದಾದರೂ ಮಗು ಶ್ರುತಿ ತಪ್ಪಿದರೆ ನಿಧಿ ಸಿಕ್ಕಂತೆ ಮುಖ ಅರಳಿಸುತ್ತಾರೆ. ಮನೆಯಲ್ಲೂ ಅದೇ ಕಥೆ. ಹೆಂಡತಿ ಪಾತ್ರೆ ತೊಳೆಯುತ್ತಾ ಗುನುಗಿ ದಾರಿ ತಪ್ಪಿದರೆ ಗುಂಡಿ ಒತ್ತಿಯೇಬಿಡುತ್ತಾರೆ. "ರೀ, ಹಾಲು ಉಕ್ತಾ ಇದೆ, ಒಲೆ ಆರಿಸ್ರಿ!" "ಸ್ವಲ್ಪ ತಾಳೇ, ತಾನಾಗೇ ಸರಿಹೋಗುತ್ತಾ ನೋಡೋಣ." ಹಾಲು ಮಾತ್ರ ಈ ಸಿದ್ಧಾಂತಕ್ಕೆ ಎಂದೂ ಒಗ್ಗಿದ್ದಿಲ್ಲ. ಈಚೆಗೆ ವಿಭಾಗಕ್ಕೆ ಹಳೆಯ ಧ್ವನಿಮುದ್ರಣಗಳನ್ನು ಚೊಕ್ಕ ಮಾಡುವ ಹೊಸ ತಂತ್ರಾಂಶ ಬಂದಿತು. ಪ್ರೊಫೆಸರು ತಮ್ಮ ಕ್ಯಾಸೆಟ್ಟುಗಳನ್ನೆಲ್ಲ ಧಾರಾಳವಾಗಿ ಅದರ ಬಾಯಿಗೆ ಕೊಟ್ಟರು. ಕೆಮ್ಮು, ಸೀನು, ಬೆಂಚಿನ ಕಿರುಗುಟ್ಟುವಿಕೆ ಎಲ್ಲವೂ ನಿರ್ನಾಮ. ಕೊನೆಗೆ ಬಂದದ್ದು ಅವರಿಗೆ ಮೊದಲ ಪಾಠ ಹೇಳಿದ ಚಿಕ್ಕಮ್ಮನ ಕ್ಯಾಸೆಟ್ಟು. ತೀರಿಕೊಂಡ ಅವಳದೆಂದು ಉಳಿದದ್ದು ಅದೊಂದೇ. ಅದರಲ್ಲಿ ಪುಟ್ಟ ಪ್ರೊಫೆಸರು ಹಾಡುತ್ತಾ ಎಡವುತ್ತಾರೆ. ಆಮೇಲೆ ಗದರಿಕೆಯಿಲ್ಲ, ಗುದ್ದಿಲ್ಲ, ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಉದ್ದಕ್ಕೂ ಮೌನ. ಆಮೇಲೆ ಅದೇ ಸಾಲು, ಸರಿಯಾಗಿ. ತಂತ್ರಾಂಶ ನಡೆಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಪರದೆಯತ್ತ ಬೆರಳು ತೋರಿದಳು: "ಸರ್, ಈ ಮಧ್ಯದ ತುಂಡಲ್ಲಿ ಏನೂ ಇಲ್ಲ. ಕತ್ತರಿಸಿಬಿಡ್ಲಾ?" ಅವಳ ಕೈ ಹಿಡಿದು ನಿಲ್ಲಿಸಲು ಪ್ರೊಫೆಸರು ಒಂದು ಕ್ಷಣವೂ ಕಾಯಲಿಲ್ಲ. "ಬೇಡಮ್ಮಾ, ಅಲ್ಲಿ ನಮ್ಮ ಚಿಕ್ಕಮ್ಮ ಕಾಯ್ತಾ ಕೂತಿದ್ದಾಳೆ."