ಪಾಪಾಸುಕಳ್ಳಿಗೆ ತಂದ ಮದ್ದು

ಕಳೆದ ಮಂಗಳವಾರ ನನ್ನ ಹೊಲಕ್ಕೆ ಪುಕ್ಕಟೆಯಾಗಿ ಮುಳ್ಳುಬೇಲಿ ಹಾಕುತ್ತಿದ್ದ ಮನುಷ್ಯನನ್ನು ಬೈದು ಓಡಿಸಿದೆ. ಬರೀ ಓಡಿಸಲಿಲ್ಲ, ಹಾಕಿದ ಬೇಲಿಯನ್ನು ಅವನ ಕೈಯಿಂದಲೇ ಕೀಳಿಸಿದೆ.

ಮತ್ತೇನು ಮಾಡಬೇಕಿತ್ತು? ಪುಕ್ಕಟೆ ಬೇಲಿ ಯಾರಾದರೂ ಹಾಕುತ್ತಾರೆಯೇ?

ನಾನು ಹೊಸಪೇಟೆ ಸ್ಟೇಷನ್ನಿನ ಗೂಡ್ಸ್ ಗುಮಾಸ್ತ ಎಂಬುದು ನಿಮಗೆ ಗೊತ್ತೇ ಇದೆ. ಬೆಲ್ಲದ ಮೂಟೆಯಲ್ಲಿ ಕಲ್ಲು, ತೂಕ ಬರಲೆಂದು ನೀರು ಚಿಮುಕಿಸಿದ ಹತ್ತಿ, ಎಲ್ಲವನ್ನೂ ಕಂಡವನು. ಸಂಶಯ ನನಗೆ ದುಡಿಮೆಯ ಜೊತೆಗೇ ಬಂದದ್ದು. (ಮನೆಯಲ್ಲಿ ಇದನ್ನು ರೋಗ ಎನ್ನುತ್ತಾರೆ.)

ಈ ಬೇಸಿಗೆಯಲ್ಲಿ ಗಾದಿಗನೂರಿನ ಹತ್ತಿರ ಆರು ಎಕರೆ ಹೊಲ ತೆಗೆದುಕೊಂಡೆ. ಹೊಲ ಎನ್ನುವುದು ಪತ್ರದಲ್ಲಿ ಮಾತ್ರ. ಅಲ್ಲಿದ್ದದ್ದು ಆಳೆತ್ತರದ ಪಾಪಾಸುಕಳ್ಳಿ. ಕಡಿದರೆ ಬಿದ್ದ ತುಂಡೆಲ್ಲ ಬೇರು ಬಿಡುವ ಜಾತಿ. ಕಡಿಯುವುದು ಬೇಡ, ಮದ್ದು ಹೊಡೆ ಎಂದು ಸ್ಟೇಷನ್ನಿನಲ್ಲಿ ಯಾರೋ ಹೇಳಿದರು.

ಪೇಟೆಯ ಅಂಗಡಿಯೊಂದರಲ್ಲಿ ಮದರಾಸಿನಿಂದ ಬಂದ ಡಬ್ಬಿಗಳಿದ್ದವು. ಮೇಲೆ ಅಂಗಡಿಯವನದೇ ಕನ್ನಡ ಚೀಟಿ: 'ಕಳ್ಳಿ ನಾಶಕ'.

"ಮೂರು ದಿನದಾಗ ಸುಟ್ಟಂಗ ಕರ್ರಗಾಗತೈತಿ ನೋಡ್ರಿ ರಾಯರೇ," ಎಂದ.

"ದನಕರುಗಳಿಗೆ?"

"ಏನೂ ಆಗಂಗಿಲ್ಲ. ಗಿಡದ ಔಷಧಿ ಗಿಡಕ್ಕಷ್ಟ."

ಚೀಟಿಯ ಮೂಲೆ ಎದ್ದಿತ್ತು. ಕೆಳಗೆ ಇನ್ನೊಂದು ಚೀಟಿ, ಇಂಗ್ಲಿಷಿನದು. ನನಗೆ ತಕ್ಷಣ ಹೊಳೆಯಿತು: ಹಳೇ ಸರಕು! ತಯಾರಾದ ವರ್ಷ ಮುಚ್ಚಲು ಮೇಲೆ ಅಂಟಿಸಿದ್ದಾನೆ! ಹಳೆಯದಾದರೆ ಕಸುವು ಕಡಿಮೆ ಇರುತ್ತದೆ, ಎರಡರಷ್ಟು ಬೆರೆಸಿದರಾಯಿತು ಎಂದುಕೊಂಡು ತಂದೆ. ಅವನ ಮೋಸವನ್ನು ಹಿಡಿದೆನೆಂಬ ಹೆಮ್ಮೆ ಬೇರೆ.

ಆಳು ಇಟ್ಟರೆ ಮದ್ದು ಕದ್ದಾರೆಂದು ರಜೆ ಹಾಕಿ ನಾನೇ ನಿಂತೆ. ಕೊಡದಲ್ಲಿ ಕಲಸಿ, ಉದ್ದ ಕಸಬರಿಗೆಯಿಂದ ಎರಡು ಎಕರೆಗೆ ಎರಚಿದೆ. ಅಂಗೈ ಉರಿಯಿತು. ಸೋಮವಾರದ ಹೊತ್ತಿಗೆ ಕಳ್ಳಿ ನಿಜಕ್ಕೂ ಕಪ್ಪಾಗತೊಡಗಿತ್ತು.

ಆಗ ಬಂದವನು ಪಕ್ಕದ ಹೊಲದ ಹುಲುಗಪ್ಪ.

"ರಾಯರ, ಕಳ್ಳಿ ಬುಡದಾಗಿನ ಹುಲ್ಲಿನ ಮ್ಯಾಲ ಉಪ್ಪಿನಂಗ ಬೆಳ್ಳಗ ಕುಂತೈತ್ರಿ. ದನ ನೆಕ್ಕತಾವ. ನನ್ನ ಎತ್ತು ಆಗಲೇ ಮೂಗು ಚಾಚಿತ್ತು, ಎಳಕೊಂಡು ಬಂದೀನಿ. ಬೇಲಿ ಹಾಕಿಸ್ರಿ."

"ನಿನ್ನ ಎತ್ತಿಗೆ ನನ್ನ ಹೊಲದಲ್ಲಿ ಏನು ಕೆಲಸ?" ಎಂದೆ.

ಅವನು ಹೊರಟುಹೋದ. ಮರುದಿನ ನೋಡಿದರೆ ಜಾಲಿಮುಳ್ಳು ತಂದು ನನ್ನ ನೆಲದಲ್ಲಿ ಬೇಲಿ ಒಡ್ಡುತ್ತಿದ್ದಾನೆ! ಇವತ್ತು ಬೇಲಿ, ನಾಳೆ 'ಅಜ್ಜನ ಕಾಲದಿಂದ ನಮ್ಮದು' ಎಂಬ ಮಾತು. ಊರ ಜಮೀನಿನ ಲೆಕ್ಕ ಇಡುವ ಕರಣಂನನ್ನು ಕರೆಸುತ್ತೇನೆ ಎಂದು ಕೂಗಾಡಿದೆ. ಹುಲುಗಪ್ಪ ಮುಳ್ಳನ್ನೆಲ್ಲ ಎತ್ತಿ ಹೊತ್ತುಕೊಂಡು ಹೋದ.

ಗುರುವಾರ ಮಧ್ಯಾಹ್ನ ಅವನನ್ನು ಬೇಲಿ ಒಡ್ಡುವಾಗಲೇ ಹಿಡಿಯಬೇಕೆಂದು ಮತ್ತೆ ಹೋದೆ. ಸಿಕ್ಕೇ ಸಿಕ್ಕ. ನನ್ನ ಹೊಲದ ಅಂಚಿನಲ್ಲಿ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸುತ್ತ ಓಡಾಡುತ್ತಿದ್ದ. ಎದುರಿಗೆ ಕುರಿ ಹಿಂಡು. ಚೋರನೂರಿನಿಂದ ಕಂಪ್ಲಿಯ ಹೊಳೆದಂಡೆಗೆ ಮೇವಿಗೆ ಹೊರಟಿದ್ದ ಮಲ್ಲಯ್ಯನೆಂಬ ಕುರಿಗಾರನ ಹಿಂಡು.

"ಹಿಂದಕ್ಕ ಹೊಡಿಯಲೇ! ಒಳಗ ವಿಷ ಐತಿ!" ಎಂದು ಹುಲುಗಪ್ಪ ಕೂಗುತ್ತಿದ್ದ.

ಹಿಂಡು ತಿರುಗಿತು. ಆದರೆ ಮೂರು ಕುರಿಗಳು ಆಗಲೇ ನುಗ್ಗಿ ಹುಲ್ಲಿಗೆ ಬಾಯಿ ಹಾಕಿದ್ದವು. ಸ್ವಲ್ಪ ಹೊತ್ತಿನಲ್ಲಿ ಕಾಲು ನಡುಗಿ ಕುಸಿದವು. ಹುಲುಗಪ್ಪ ಮನೆಗೆ ಓಡಿ ಮಜ್ಜಿಗೆ ತಂದು ಬಿದಿರಿನ ಗೊಟ್ಟದಿಂದ ಬಾಯಿಗೆ ಹೊಯ್ದ. ಒಂದು ಕುರಿ ಬದುಕಿತು. ಎರಡು ಅಲ್ಲೇ ಕಣ್ಣು ತೇಲಿಸಿ ಸತ್ತವು. ಅದರಲ್ಲೊಂದು ಮರಿ ಹಾಕಿದ ಕುರಿ. ಮರಿ ಬಂದು ಕೆಚ್ಚಲಿಗೆ ಮೂತಿ ತಿವಿಯುತ್ತಿತ್ತು.

ಮಲ್ಲಯ್ಯ ಮರಿಯನ್ನು ಎತ್ತಿಕೊಂಡ. "ಯಾರ್ದು ಈ ಹೊಲ?" ಎಂದಷ್ಟೇ ಕೇಳಿದ.

ಹುಲುಗಪ್ಪ ನನ್ನ ಮುಖ ನೋಡಿದ. ಹೇಳಲಿಲ್ಲ. ಎರಡು ದಿನದ ಹಿಂದೆ ಅಷ್ಟು ಬೈಸಿಕೊಂಡವನು ಹೇಳಬಹುದಿತ್ತು.

"ನನ್ನದು," ಎಂದೆ.

"ಒಂದು ಬೇಲಿ ಹಾಕಬಾರದಿತ್ತೇನ್ರಿ ಯಪ್ಪಾ?"



ಉಳಿದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಅವನ ಎದುರಿಗೇ ಕನ್ನಡ ಚೀಟಿ ಕಿತ್ತೆ. ಕೆಳಗೆ ತಲೆಬುರುಡೆಯ ಚಿತ್ರ. ಪಾಷಾಣ ಸೇರಿದ ವಿಷ, ದನಕುರಿ ಬಿಡಬೇಡಿ, ಸಿಂಪಡಿಸುವ ಮೊದಲೇ ಬೇಲಿ ಹಾಕಿ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಅಚ್ಚಾಗಿತ್ತು.

"ಬುರುಡಿ ಕಂಡ್ರ ಗಿರಾಕಿ ಅಂಜತಾರಂತ ಹಚ್ಚಿದ್ದು," ಎಂದ ಅಂಗಡಿಯವನು, ನಾಚಿಕೆಯಿಲ್ಲದೆ. "ನೀವು ಇಂಗ್ಲಿಷ್ ಬಲ್ಲೋರು. ಕಿತ್ತು ನೋಡಬೇಕಿತ್ತು."

ಹೊಡೆಯಬೇಕೆನಿಸಿತು. ಆದರೆ ಚೀಟಿಯ ಮೂಲೆ ಎದ್ದದ್ದನ್ನು ಕಂಡೂ ಬಿಟ್ಟವನು ನಾನೇ ತಾನೆ? ಅವನ ಮೇಲೆ ಸಂಶಯವೇನೋ ಬಂತು. ಅದು ಮದ್ದು ಸಾಲದೇನೋ ಎಂಬ ಸಂಶಯ. ಮದ್ದು ಕೊಲ್ಲಬಹುದೆಂದು ತಿಳಿಸಿದ ಹುಲುಗಪ್ಪನನ್ನು ಮಾತ್ರ ಕಳ್ಳನೆಂದೆ.

ಮಲ್ಲಯ್ಯನಿಗೆ ಮರುದಿನ ಎರಡು ಹೆಣ್ಣುಕುರಿ ಕೊಡಿಸಿದೆ. ತೆಗೆದುಕೊಂಡ. ತಬ್ಬಲಿ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಹೋದ, ನನ್ನ ಕಡೆ ತಿರುಗಿ ನೋಡಲಿಲ್ಲ.

ಶನಿವಾರ ನಾನೂ ಹುಲುಗಪ್ಪನೂ ಸೇರಿ ಬೇಲಿ ಹಾಕಿದೆವು. ತಪ್ಪಾಯಿತೆಂದೆ. "ಇರಲಿ ಬಿಡ್ರಿ, ಮುಳ್ಳು ಆ ಕಡೀಗೆ ಒತ್ರಿ," ಎಂದ. (ಹಾಳು ಕಣ್ಣು ಆಗಲೂ ಗಡಿಕಲ್ಲನ್ನು ಒಮ್ಮೆ ನೋಡಿತು. ಏನು ಮಾಡಲಿ?)

ಕೆಲಸ ಮುಗಿದ ಮೇಲೂ ಅವನು ಹೋಗಲಿಲ್ಲ. ಸಂಡೂರಿನ ಗುಡ್ಡಗಳ ಮೇಲೆ ಮೊದಲ ಮೋಡ ಕಟ್ಟುತ್ತಿತ್ತು. ಅದನ್ನು ನೋಡಿದ, ಆಮೇಲೆ ನನ್ನ ಹೊಲದ ಇಳಿಜಾರನ್ನು. ಅದರ ಕೆಳತುದಿಯಲ್ಲಿ ಅವನ ಮನೆಯವರು ಕುಡಿಯುವ ನೀರಿನ ಬಾವಿ.

"ರಾಯರ, ಮಳಿ ಬಂದ್ರ ಇದು ತೊಳಕೊಂಡು ಎಲ್ಲಿಗೆ ಹೋಗತೈತ್ರಿ?"

ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ಮಳೆಗೆ ಮುಂಚೆ ಒಂದು ಕಾರ್ಡು ಬರೆಯಿರಿ. ಅಂಗಡಿಯವನು ಏನೂ ಆಗಂಗಿಲ್ಲ ಅಂತಿದ್ದಾನೆ.